ಕಂಡದ್ದಕ್ಕೂ ಮಾಡಿದ್ದಕ್ಕೂ ಬೀಳುವ ಗಂಟು

ಹಾಸನ ಜಿಲ್ಲೆಯ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ವಿಷ್ಣುವರ್ಧನನ ಕಾಲದ್ದು. ವರ್ತಕ ಕುಲ್ಲಹಣ ರಾಹುತ, ಅವನ ಮಡದಿ ಸಹಜಾದೇವಿ ಕಟ್ಟಿಸಿದ್ದು. ಒಳಗೆ ಕಾಳಿಯ ಗರ್ಭಗುಡಿಯ ಬಾಗಿಲ ಎರಡೂ ಪಕ್ಕ ಬೇತಾಳಗಳು ನಿಂತಿವೆ. ಎದ್ದು ಕಾಣುವ ಪಕ್ಕೆಲುಬು, ಒಣಗಿದ ಕೈಕಾಲು, ಬಳಪದ ಕಲ್ಲಿನ ಕಪ್ಪು. ನೋಡುವವರಿಗೆ ಎಲ್ಲವೂ ಸೇರಿ ಒಂದು ಬೇತಾಳ. ಮಿದುಳಿನಲ್ಲಿ ಮಾತ್ರ ಬಣ್ಣ, ಆಕಾರ, ಚಲನೆಗಳನ್ನು ಬಹುಮಟ್ಟಿಗೆ ಬೇರೆಬೇರೆ ಭಾಗಗಳು ಗ್ರಹಿಸುತ್ತವೆ. ಹಾಗಾದರೆ ಅವನ್ನು ಕೂಡಿಸುವುದು ಯಾವುದು?

ಗಮನ ಎಂದರು ಮನೋವಿಜ್ಞಾನಿಗಳಾದ ಆನ್ ಟ್ರೀಸ್ಮನ್ ಮತ್ತು ಗ್ಯಾರಿ ಗೆಲಾಡ್, 1980ರಲ್ಲಿ. ಬಣ್ಣದ ಅಕ್ಷರಗಳನ್ನು ಕ್ಷಣಮಾತ್ರ ತೋರಿಸಿ, ನೋಡುವವರ ಗಮನವನ್ನು ಅಕ್ಕಪಕ್ಕದ ಅಂಕಿಗಳಲ್ಲಿ ಸಿಕ್ಕಿಸಿದಾಗ, ಎಷ್ಟೋ ಸಲ ಅವರು ಒಂದರ ಬಣ್ಣವನ್ನು ಇನ್ನೊಂದರ ಆಕಾರಕ್ಕೆ ಅಂಟಿಸಿ ಹೇಳಿದರು. 1995ರಲ್ಲಿ ವರದಿಯಾದ ರೋಗಿಯೊಬ್ಬರ ಮಿದುಳಿನ ಎರಡೂ ಪಾರ್ಶ್ವಕ ಭಾಗಗಳಿಗೆ ಪೆಟ್ಟಾಗಿತ್ತು. ಅಕ್ಷರಗಳು 10 ಸೆಕೆಂಡು ಕಣ್ಣೆದುರಿಗೇ ಇದ್ದರೂ ಅವರಿಗೆ ಬಣ್ಣಗಳು ಅದಲುಬದಲಾಗುತ್ತಿದ್ದವು.

ಇಷ್ಟೂ ನೋಟದ ಮಾತಾಯಿತು. ನನಗೆ ದೊಡ್ಡದೆನಿಸುವ ಹೆಜ್ಜೆ ಇಟ್ಟವರು ಜರ್ಮನಿಯ ಬರ್ನ್‌ಹಾರ್ಡ್ ಹೊಮ್ಮೆಲ್, 1998ರಲ್ಲಿ. ಪ್ರಯೋಗ ಸರಳ. ಎಡವೋ ಬಲವೋ, ಯಾವ ಗುಂಡಿ ಒತ್ತಬೇಕೆಂದು ಮೊದಲೇ ಹೇಳಿರುತ್ತಾರೆ. ಪರದೆಯ ಮೇಲೆ ಏನಾದರೂ ಮೂಡಿದೊಡನೆ ಅದನ್ನು ಒತ್ತಿದರಾಯಿತು. ಮೂಡಿದ್ದು ಯಾವ ಆಕಾರ ಎಂಬುದು ಲೆಕ್ಕಕ್ಕಿಲ್ಲ. ತುಸು ಹೊತ್ತಿಗೆ ಎರಡನೆಯದು ಮೂಡುತ್ತದೆ. ಈಗ ಆಕಾರ ನೋಡಿಯೇ ಗುಂಡಿ ಆರಿಸಬೇಕು. ಆಕಾರ, ಗುಂಡಿ ಎರಡೂ ಹಿಂದಿನವೇ ಆಗಿದ್ದರೆ ಕೈ ಚುರುಕು. ಎರಡೂ ಹೊಸವಾದರೂ ತೊಡಕಿಲ್ಲ. ಆಕಾರ ಹಳೆಯದು, ಗುಂಡಿ ಹೊಸದು ಎಂದಾಗ, ಇಲ್ಲವೇ ಆಕಾರ ಹೊಸದು, ಗುಂಡಿ ಹಳೆಯದು ಎಂದಾಗ ಮಾತ್ರ ಕೈ ತಡವರಿಸುತ್ತದೆ. ಅರ್ಧ ಹೊಸತು ಪೂರ್ತಿ ಹೊಸತಿಗಿಂತ ಕಷ್ಟ! ಕಾರಣ, ಯಾರೂ ಕೇಳದಿದ್ದರೂ ಮಿದುಳು ಆ ಆಕಾರವನ್ನೂ ಬೆರಳ ಚಲನೆಯನ್ನೂ ಗಂಟು ಹಾಕಿ ಇಟ್ಟಿತ್ತು. ಎರಡರಲ್ಲಿ ಒಂದು ಮತ್ತೆ ಎದುರಾದೊಡನೆ ಅದರ ಹಳೆಯ ಜೊತೆಯೂ ಎದ್ದು ಬಂದು ಹೊಸದಕ್ಕೆ ಅಡ್ಡ ನಿಲ್ಲುತ್ತದೆ. ಈ ಗಂಟಿಗೆ ಹೊಮ್ಮೆಲ್ ಇಟ್ಟ ಹೆಸರು ‘ಇವೆಂಟ್ ಫೈಲ್’. 2001ರಲ್ಲಿ ಅವರೂ ಸಂಗಡಿಗರೂ, ಗ್ರಹಿಕೆಗೂ ಕ್ರಿಯೆಗೂ ಮಿದುಳು ಬಳಸುವ ಸಂಕೇತ ಒಂದೇ ಬಗೆಯದು ಎಂಬ ಸಿದ್ಧಾಂತವನ್ನೇ ಮಂಡಿಸಿದರು.

ದೇವಿಯನ್ನು ಕಂಡೊಡನೆ ಕೈ ಮುಗಿಯುವುದು ವರ್ಷಗಳ ರೂಢಿ, ಅದರಲ್ಲಿ ಅಚ್ಚರಿಯಿಲ್ಲ. ಒಂದೇ ಒಂದು ಸಲ, ಅದೂ ಕಾರಣವಿಲ್ಲದೆ ಜೊತೆಗೂಡಿದ ನೋಟ ಮತ್ತು ಚಲನೆಗೂ ಹೀಗೆ ಗಂಟು ಬೀಳುತ್ತದಲ್ಲ, ಅದು ಅಚ್ಚರಿ.

ಗಂಟು ಬೀಳುವುದೇ ಬೇರೆ, ಅದನ್ನು ಮುಂದೆ ಹೊರಗೆಳೆಯುವುದೇ ಬೇರೆ. ಇವನ್ನು ಬಿಡಿಸಿ ಅಳೆಯಬೇಕು ಎಂದು 2020ರಲ್ಲಿ ಕ್ರಿಸ್ಟಿಯನ್ ಫ್ರಿಂಗ್ಸ್ ಮತ್ತು ಹೊಮ್ಮೆಲ್ ಸೇರಿದಂತೆ ಹಲವರು ಕೂಡಿ ವಾದಿಸಿದರು. ಕೈ ತಡವರಿಸಿದ್ದನ್ನಷ್ಟೇ ನೋಡಿದರೆ, ಗಂಟು ಬಿಗಿಯಾಗಿತ್ತೋ ಎಳೆತ ಜೋರಾಗಿತ್ತೋ ತಿಳಿಯುವುದಿಲ್ಲ.