ವಂಶದ ಲೆಕ್ಕವನ್ನು ತಿಳಿಸುವ ವಿದ್ಯೆ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮಳೆ ಕಡಮೆಯಾದ ಸೀಮೆ. ಶೇಂಗಾ ಇಲ್ಲಿಯ ಮುಖ್ಯ ಬೆಳೆ. ಕಂಬಳಿ ಮತ್ತು ರೇಷ್ಮೆ ಸೀರೆಗಳ ನೇಯ್ಗೆ ಹೆಸರಾದ ಕಸುಬು. ದಕ್ಷಿಣ ಭಾರತದ ಇತರ ಕಡೆಗಳಂತೆ ಇಲ್ಲಿಯೂ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಸೋದರತ್ತೆಯ ಮಗನೊಡನೆ ಸಂಬಂಧ ಬೆಳೆಸುವುದು ಹಳೆಯ ರೂಢಿ. ಅಂಥದೊಂದು ಮನೆಯನ್ನು ಊಹಿಸಿಕೊಳ್ಳೋಣ. ಗಂಡಹೆಂಡಿರಿಬ್ಬರಿಗೂ ಕಿವಿ ಚೆನ್ನಾಗಿ ಕೇಳಿಸುತ್ತದೆ. ಹುಟ್ಟಿದ ಮಗು ಮಾತ್ರ ಕಿವುಡು. ಗ್ರಹಣದ ದೋಷವೆಂದು ಒಬ್ಬರು, ಸೊಸೆಯ ದೋಷವೆಂದು ಇನ್ನೊಬ್ಬರು ಹೇಳುತ್ತಾರೆ. ತಾಯಿಯ ಮನಸ್ಸಿನಲ್ಲಿರುವುದಾದರೋ ಒಂದೇ ಪ್ರಶ್ನೆ: ಮುಂದಿನ ಮಗುವಿನ ಗತಿಯೇನು?

ಈ ಪ್ರಶ್ನೆಗೆ ಶಾಸ್ತ್ರೀಯವಾಗಿ, ಆದರೆ ನೋವಾಗದಂತೆ ಉತ್ತರ ಹೇಳುವವನೇ ಆನುವಂಶಿಕ ಸಲಹೆಗಾರ. ಅವನು ಕಲಿಯಬೇಕಾದ ವಿದ್ಯೆಯ ಸ್ವರೂಪವೇನೆಂಬುದನ್ನು ನೋಡೋಣ.

ಹುಟ್ಟುಕಿವುಡಿಗೆ ಕಾರಣಗಳು ಹಲವು. ಗರ್ಭಿಣಿಗೆ ತಗುಲಿದ ರುಬೆಲ್ಲಾ ಸೋಂಕಿನಿಂದಲೂ ಅದು ಬರಬಹುದು. ವಂಶವಾಹಿಯ ದೋಷದಿಂದಲೂ ಬರಬಹುದು. ಕಾರಣವನ್ನು ಗುರುತಿಸದೆ ಸಲಹೆ ಹೇಳುವಂತಿಲ್ಲ. ಆದ್ದರಿಂದ ವಿದ್ಯಾರ್ಥಿಯು ಮೊದಲು ಕಲಿಯುವುದು ಮೂರು ತಲೆಮಾರುಗಳ ವಂಶವೃಕ್ಷವನ್ನು ಬರೆಯುವುದನ್ನು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರಕ್ತಸಂಬಂಧದ ಮದುವೆಗೆ ಜೋಡಿಗೆರೆ.

ಬಳಿಕ ಲೆಕ್ಕ. ನಮ್ಮ ಬಹುತೇಕ ವಂಶವಾಹಿಗಳು ಜೋಡಿಯಾಗಿರುತ್ತವೆ. ಎರಡು ಬೀಜಗಳಿರುವ ಶೇಂಗಾಕಾಯಿಯಂತೆ. ಒಂದು ಬೀಜ ಕೆಟ್ಟಿದ್ದರೂ ಇನ್ನೊಂದು ಒಳ್ಳೆಯದಾಗಿದ್ದರೆ ಅನೇಕ ರೋಗಗಳು ಕಾಣಿಸಿಕೊಳ್ಳುವುದಿಲ್ಲ. ತಂದೆತಾಯಿಗಳಿಬ್ಬರಲ್ಲಿಯೂ ಒಂದೊಂದು ಕೆಟ್ಟ ಬೀಜವಿದ್ದು, ಮಗುವಿಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬಂದರೆ ರೋಗ ಪ್ರಕಟವಾಗುತ್ತದೆ. ಇದರ ಸಂಭವ ನಾಲ್ಕರಲ್ಲಿ ಒಂದು. ಒಂದು ಮಗುವಿಗೆ ರೋಗ ಬಂತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲವೆಂದು ಇದರ ಅರ್ಥವಲ್ಲ. ಪ್ರತಿಯೊಂದು ಗರ್ಭಕ್ಕೂ ಲೆಕ್ಕ ಹೊಸದಾಗಿಯೇ ಆರಂಭವಾಗುತ್ತದೆ.

ರಕ್ತಸಂಬಂಧದಿಂದ ಆಗುವುದೇನು? ಸೋದರಮಾವನಲ್ಲಿ ತನ್ನ ತಂದೆಯಿಂದಲೋ ತಾಯಿಯಿಂದಲೋ ಬಂದ ಒಂದು ಕೆಟ್ಟ ವಂಶವಾಹಿ ಇದೆಯೆನ್ನಿ. ಅದೇ ವಂಶವಾಹಿ ಅವನ ಅಕ್ಕನಲ್ಲಿರುವ ಸಂಭವ ಅರ್ಧ, ಅಕ್ಕನ ಮಗಳಲ್ಲಿರುವ ಸಂಭವ ಕಾಲು. ಸೋದರತ್ತೆಯ ಮಕ್ಕಳಲ್ಲಿ ಇದು ಎಂಟರಲ್ಲಿ ಒಂದು. ಎಂದರೆ ಸಂಬಂಧವು ದೋಷವನ್ನು ಹುಟ್ಟಿಸುವುದಿಲ್ಲ. ಅಡಗಿದ್ದ ದೋಷಗಳೆರಡು ಒಂದೆಡೆ ಸೇರುವ ಅವಕಾಶವನ್ನು ಹೆಚ್ಚಿಸುತ್ತದೆ. ಇಂಥ ಮದುವೆಗಳಲ್ಲಿ ಹುಟ್ಟುವ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ ಎಂಬುದನ್ನೂ ಸಲಹೆಗಾರನು ಹೇಳಬೇಕು.

ಎಲ್ಲ ರೋಗಗಳಿಗೂ ಒಂದೇ ಲೆಕ್ಕ ಸಲ್ಲದು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬೆಳಕಿಗೆ ಬಂದ ಮೂಳೆಕೀಲುಗಳ ರೋಗವು ಪ್ರಬಲ ರೀತಿಯದು. ಅಲ್ಲಿ ಒಂದೇ ಕೆಟ್ಟ ಪ್ರತಿ ಸಾಕು. ರೋಗಿಯ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧ. ಸಂಬಂಧವನ್ನು ದೂರದಿಂದ ತಂದರೂ ಈ ಅಪಾಯ ತಗ್ಗುವುದಿಲ್ಲ.

ಅಮೆರಿಕದ ಶೆಲ್ಡನ್ ರೀಡ್ ಎಂಬ ವಿಜ್ಞಾನಿ 1947ರಲ್ಲಿ ಈ ಸಲಹಾಕಾರ್ಯಕ್ಕೆ ಹೆಸರಿಟ್ಟನು. ಇದಕ್ಕೆಂದೇ ಮೊದಲ ಸ್ನಾತಕೋತ್ತರ ಶಿಕ್ಷಣವು 1969ರಲ್ಲಿ ನ್ಯೂಯಾರ್ಕ್ ರಾಜ್ಯದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ ಆರಂಭವಾಯಿತು. ಈಗ ಭಾರತದಲ್ಲಿಯೂ ಕೆಲವು ಸಂಸ್ಥೆಗಳು ಈ ಶಿಕ್ಷಣವನ್ನು ಕೊಡುತ್ತಿವೆ. ಜೀವವಿಜ್ಞಾನದಲ್ಲಿ ಪದವಿ ಪಡೆದವರಿಗೆ ಇದು ಸಾಮಾನ್ಯವಾಗಿ ಎರಡು ವರ್ಷಗಳ ವ್ಯಾಸಂಗ. ತಳಿವಿಜ್ಞಾನ, ಸಂಭವಗಣಿತ, ಪ್ರಯೋಗಾಲಯದ ವರದಿಗಳನ್ನು ಅರ್ಥಮಾಡಿಕೊಳ್ಳುವ ಕ್ರಮ, ಮನಶ್ಶಾಸ್ತ್ರ, ನೀತಿ ಮತ್ತು ಕಾನೂನು ಇದರ ಅಂಗಗಳು. 1994ರ ಕಾಯಿದೆಯು ಭ್ರೂಣದ ಲಿಂಗವನ್ನು ತಿಳಿಸುವುದನ್ನು ನಿಷೇಧಿಸಿದೆ; ಆನುವಂಶಿಕ ಸಲಹಾಕೇಂದ್ರಗಳು ನೋಂದಣಿಯಾಗಬೇಕೆಂದೂ ವಿಧಿಸಿದೆ. ಇದನ್ನು ಸಲಹೆಗಾರನು ಚೆನ್ನಾಗಿ ಅರಿತಿರಬೇಕು.

ಇಷ್ಟನ್ನು ಪುಸ್ತಕಗಳಿಂದ ಕಲಿಯಬಹುದು. ಉಳಿದದ್ದನ್ನು ಅನುಭವಿಗಳ ಪಕ್ಕದಲ್ಲಿ ಕುಳಿತು ಕಲಿಯಬೇಕು. ಯಾವಾಗ ಮಾತನಾಡಬೇಕು, ಯಾವಾಗ ಸುಮ್ಮನಿರಬೇಕು? ‘ನಾವೇನು ಮಾಡೋಣ, ನೀವೇ ಹೇಳಿ’ ಎಂದು ದಂಪತಿಗಳು ಕೇಳಿದಾಗ ಏನನ್ನಬೇಕು? ಅಪಾಯವೆಷ್ಟು, ಪರೀಕ್ಷೆಗಳಾವುವು, ದಾರಿಗಳೆಷ್ಟು ಎಂಬುದನ್ನು ಸಲಹೆಗಾರನು ತಿಳಿಸುತ್ತಾನೆ. ತೀರ್ಮಾನ ಮಾತ್ರ ಅವರದೇ. ಹೆಂಡತಿಗೆ ತಿಳಿಯದಂತೆ ಗಂಡನಿಗೊಂದು ಮಾತು, ಅತ್ತೆಗೊಂದು ಮಾತು ಹೇಳುವುದು ಸಲ್ಲದು.

ಭಾಷೆಯೂ ಇಲ್ಲಿ ಒಂದು ಉಪಕರಣವೇ ಸರಿ. ಮೊಳಕಾಲ್ಮೂರಿನ ಕಡೆ ಕನ್ನಡದೊಂದಿಗೆ ತೆಲುಗನ್ನಾಡುವ ಮನೆಗಳೂ ಉಂಟು. ಇಂಗ್ಲಿಷಿನ ವರದಿಯನ್ನು ಅವರ ಆಡುಮಾತಿನಲ್ಲಿ ಬಿಡಿಸಿ ಹೇಳಬಲ್ಲವರು ಆ ನೆಲದಲ್ಲಿಯೇ ಬೆಳೆದವರಲ್ಲವೆ? ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದ್ದು, ವಿಜ್ಞಾನದ ಉಪಾಧ್ಯಾಯರಿಗೆ ಅಲ್ಲಿ ತರಬೇತಿ ನಡೆಯುತ್ತಿದೆ. ಅಂಥ ಉಪಾಧ್ಯಾಯರಿಂದ ಮೆಂಡಲನ ಬಟಾಣಿಯ ಪಾಠವನ್ನು ಕೇಳಿದ ವಿದ್ಯಾರ್ಥಿಯೊಬ್ಬಳು ಮುಂದೆ ಈ ವಿದ್ಯೆಯನ್ನು ಕಲಿತು ಬಂದು, ‘ಇದು ನಿನ್ನ ತಪ್ಪಲ್ಲ, ತಾಯಿ, ಇಬ್ಬರಿಂದಲೂ ಬಂದದ್ದು’ ಎಂದು ಆ ತಾಯಿಗೆ ಅವಳದೇ ಮಾತಿನಲ್ಲಿ ಹೇಳಿದರೆ, ಆ ಪಾಠ ಸಾರ್ಥಕವಾದಂತೆ.