ಮೊದಲು ಅಂದಾಜು, ಬಳಿಕ ಲೆಕ್ಕ

ಲೆಕ್ಕವನ್ನು ಕಂಡೊಡನೆ ನಾವು ಗುಣಿಸತೊಡಗುತ್ತೇವೆ. ಉತ್ತರ ಬಂದೊಡನೆ ಪುಸ್ತಕ ಮುಚ್ಚುತ್ತೇವೆ. ಆಲೋಚನೆಗೆ ಎಡೆಯೆಲ್ಲಿ?

ಒಂದು ಪುಸ್ತಕಕ್ಕೆ 19 ರೂಪಾಯಿಯಾದರೆ 21 ಪುಸ್ತಕಗಳಿಗೆಷ್ಟು? ಗುಣಿಸುವ ಮುನ್ನ ಎರಡು ಸಂಖ್ಯೆಗಳನ್ನೂ 20 ಎಂದೇ ಭಾವಿಸೋಣ. ಇಪ್ಪತ್ತಿಪ್ಪತ್ತಲ 400. ಉತ್ತರವು ಅದರ ಆಸುಪಾಸಿನಲ್ಲಿಯೇ ಇರತಕ್ಕದ್ದು.

19ನ್ನು 21ರಿಂದ ಗುಣಿಸುವಾಗ ಎರಡನೆಯ ಸಾಲನ್ನು ಒಂದು ಸ್ಥಾನ ಎಡಕ್ಕೆ ಸರಿಸಲು ಮರೆತರೆ 57 ಬರುತ್ತದೆ. ಅಂದಾಜು ಮಾಡಿದವರಿಗೆ ತಪ್ಪು ಒಡನೆಯೇ ಗೋಚರಿಸುವುದು. ಮಾಡದವರು ಅದನ್ನೇ ಗುರುಗಳಿಗೆ ಒಪ್ಪಿಸುವರು. ಸರಿಯಾದ ಉತ್ತರ 399.

389 ಎಂಬಂತಹ ಸಣ್ಣ ತಪ್ಪನ್ನು ಅಂದಾಜು ಹಿಡಿಯದು. ಅದಕ್ಕೆ ಉತ್ತರವನ್ನು 21ರಿಂದ ಭಾಗಿಸಿ ತಾಳೆ ನೋಡಬೇಕು.

ಅಂಗಡಿಯಲ್ಲಿ ನಮ್ಮ ಲೆಕ್ಕವನ್ನು ತಿದ್ದಲು ಗುರುಗಳಿರುವುದಿಲ್ಲ. ಆದುದರಿಂದ ಮೊದಲು ಅಂದಾಜು, ಕೊನೆಗೆ ತಾಳೆ ಎಂಬ ಅಭ್ಯಾಸವನ್ನು ಇಂದೇ ರೂಢಿಸಿಕೊಳ್ಳೋಣ.