ಮಾರಾಟದ ಮೇಜು, ಹಣದ ಮೇಜು

ಕೊಚ್ಚಿಯ ಬ್ರಾಡ್‌ವೇಯಲ್ಲಾಗಲಿ, ತಿರುವನಂತಪುರದ ಚಾಲ ಪೇಟೆಯಲ್ಲಾಗಲಿ, ಅಂಗಡಿಯ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಸಾಮಾನ್ಯವಾಗಿ ಎರಡು ದಾರಿಗಳು: ಸರಕನ್ನು ತೋರಿಸಿ ಮಾರುವುದು, ಇಲ್ಲವೆ ಗಲ್ಲಾಪೆಟ್ಟಿಗೆಯ ಬಳಿ ಬಿಲ್ಲು ಮಾಡಿ ಹಣ ಪಡೆಯುವುದು. ಸರಕಾರ ಗೊತ್ತುಪಡಿಸುವ ಕನಿಷ್ಠ ವೇತನಕ್ಕೆ ಇಬ್ಬರೂ ಹಕ್ಕುದಾರರು. ಆದುದರಿಂದ ಭೇದವನ್ನು ಸಂಬಳದ ಅಂಕೆಯಲ್ಲಿ ಮಾತ್ರವಲ್ಲದೆ ಕೆಲಸದ ಸ್ವರೂಪದಲ್ಲಿಯೂ ಅರಸಬೇಕು.

ಮಾರುವವನಿಗೆ ಕೆಲವೆಡೆ ಮಾರಾಟದ ಮೇಲಣ ಪ್ರೋತ್ಸಾಹಧನ ಉಂಟು. ಹಣದ ಮೇಜಿನವನಿಗೆ ಲೆಕ್ಕ ತಪ್ಪಿದಾಗಿನ ಹೊಣೆ ಉಂಟು. ಆದರೆ ಜವಳಿ ಅಂಗಡಿಗಳಲ್ಲಿ ಕುಳಿತು ದುಡಿಯುವ ಸೌಕರ್ಯ ಬಹುಕಾಲ ಎರಡನೆಯವನದೇ ಆಗಿದ್ದಿತು. ಮಾರಾಟದ ಹೆಂಗಸರು ದಿನವಿಡೀ ನಿಂತಿರಬೇಕಾಗಿದ್ದಿತು. ಕೋಳಿಕ್ಕೋಡಿನ ಪಿ. ವಿಜಿ ಮೊದಲಾದವರ ಹೋರಾಟದ ಫಲವಾಗಿ ಕೇರಳವು ತನ್ನ 1960ರ ಅಂಗಡಿ ಹಾಗೂ ವಾಣಿಜ್ಯ ಸಂಸ್ಥೆಗಳ ಕಾಯಿದೆಯನ್ನು 2018ರಲ್ಲಿ ತಿದ್ದಿ ಆಸನವನ್ನು ಹಕ್ಕಾಗಿಸಿತು. 2021ರಲ್ಲಿ ತಮಿಳುನಾಡು ಅದೇ ಹಾದಿ ಹಿಡಿಯಿತು.

ಮುನ್ನಡೆಯ ಮಾತು ಬೇರೆ. 2016ರಲ್ಲಿ ಬಂದ ಯು.ಪಿ.ಐ. ಪಾವತಿಯು ನೋಟೆಣಿಸುವ ಕೌಶಲದ ಬೆಲೆಯನ್ನು ತಗ್ಗಿಸಿದೆ, 2017ರ ಜಿ.ಎಸ್.ಟಿ. ಲೆಕ್ಕ ಬಲ್ಲವರ ಅಗತ್ಯವನ್ನು ಹೆಚ್ಚಿಸಿದೆ. ಲೆಕ್ಕಶಾಸ್ತ್ರ ಕಲಿತ ಗಲ್ಲಾ ಗುಮಾಸ್ತ ಲೆಕ್ಕಿಗನಾಗಬಹುದು. ಗಿರಾಕಿಯ ಮನವರಿತ ಮಾರಾಟಗಾರ ವಿಭಾಗದ ಮೇಲ್ವಿಚಾರಕನಾಗಬಹುದು. ಮಲೆಯಾಳವನ್ನು ಸರಾಗವಾಗಿ ಆಡಬಲ್ಲ ಕಾಸರಗೋಡಿನ ಕನ್ನಡಿಗನಿಗೆ ಮಾರಾಟದ ಮೇಜೂ, ಆ ಭಾಷೆಗೆ ಹೊಸಬನಾದವನಿಗೆ ಹಣದ ಮೇಜೂ ಹೆಚ್ಚು ಒಪ್ಪುವುವು.